ಕೆಮ್ಮಣ್ಣುಗುಂಡಿಯ ರಾಜಭವನ ಮತ್ತು ಫ್ರಾನ್ಸಿನ ಲೂಯಿಗಳು

ಕೆಮ್ಮಣ್ಣುಗುಂಡಿಗೆ ಹೋಗಿ ಬಂದವರೆಲ್ಲ ಝಡ್ ಪಾಯಿಂಟು, ಹೆಬ್ಬೆ ಜಲಪಾತ, ಕಲ್ಹತ್ತಿಗಿರಿ ಅಂತ ಬರೆದು ನಾಲ್ಕು ಫೋಟೋ ಹಾಕುತ್ತಾರೆ. ನಾನೂ ಹಾಕಬಹುದಿತ್ತು. ಆದರೆ ಈ ಸಲ ತಲೆ ತಿಂದದ್ದು ಜಲಪಾತವಲ್ಲ, ಒಂದು ಪ್ರಶ್ನೆ. ರಾಜಭವನದ ಎದುರಿನ ಹುಲ್ಲಿನ ಮೇಲೆ ಕೂತು ಮಂಡಕ್ಕಿ ಮೆಲ್ಲುತ್ತಿದ್ದಾಗ ಗೆಳೆಯನೊಬ್ಬ ಕೇಳಿದ - "ಅಲ್ಲ ಮಾರಾಯ, ನಾಲ್ವಡಿಯವರಿಗೆ ಮಕ್ಕಳೇ ಇರಲಿಲ್ಲ ಅಂತೀಯ. ಹಾಗಾದ್ರೆ ಇವತ್ತಿಗೂ ದಸರಾದಲ್ಲಿ ಸಿಂಹಾಸನದ ಮೇಲೆ ಕೂರೋರು ಯಾರು?"

ಉತ್ತರ ಒಂದೇ ಪದದ್ದು. ದತ್ತು. ಆದರೆ ಆ ಒಂದು ಪದ ಎಷ್ಟು ದೊಡ್ಡದು ಎಂಬುದು ನನಗೆ ಹೊಳೆದದ್ದು ಮೈಸೂರಿನ ಚರಿತ್ರೆ ಓದಿ ಅಲ್ಲ, ಫ್ರಾನ್ಸಿನ ರಾಜರ ಚರಿತ್ರೆ ಓದುವಾಗ. ಎಲ್ಲಿಯ ಬಾಬಾಬುಡನ್‌ಗಿರಿ, ಎಲ್ಲಿಯ ಪ್ಯಾರಿಸ್ಸು ಅನ್ನಬೇಡಿ, ಸ್ವಲ್ಪ ತಾಳ್ಮೆ ಇರಲಿ :)

ಮೊದಲು ಈ ಬೆಟ್ಟದ ವಿಷಯ. ತರೀಕೆರೆ ತಾಲ್ಲೂಕಿನಲ್ಲಿ 1434 ಮೀಟರ್ ಎತ್ತರದಲ್ಲಿರುವ ಈ ಜಾಗಕ್ಕೆ ಶ್ರೀ ಕೃಷ್ಣರಾಜೇಂದ್ರ ಗಿರಿಧಾಮ ಅಂತಲೂ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ತಾಣ. ಕೆಮ್ಮಣ್ಣು ಅಂದರೆ ಬರೀ ಕೆಂಪು ಮಣ್ಣಲ್ಲ, ಕಬ್ಬಿಣದ ಅದಿರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ. ಈಗ ಗಿರಿಧಾಮ ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಹತ್ತಾರು ಪ್ರವಾಸಿ ತಾಣಗಳು ಒಂದೇ ಸಾಲನ್ನು ಕಾಪಿ ಹೊಡೆದಿರುವುದು ಕಾಣುತ್ತದೆ: ನಾಲ್ವಡಿಯವರು 1942ರಲ್ಲಿ ಈ ಗಿರಿಧಾಮವನ್ನು ಸರ್ಕಾರಕ್ಕೆ ದಾನ ಮಾಡಿದರು ಅಂತ. ನಾಲ್ವಡಿಯವರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು! 1942ರಲ್ಲಿ ದೊರೆಯಾಗಿದ್ದವರು ಅವರ ತಮ್ಮನ ಮಗ ಜಯಚಾಮರಾಜ ಒಡೆಯರು. ಒಬ್ಬ ದೊರೆ ಹೋಗಿ ಇನ್ನೊಬ್ಬ ಬಂದದ್ದೇ ಯಾರ ಗಮನಕ್ಕೂ ಬಂದಿಲ್ಲ. ಅಷ್ಟು ಸರಾಗವಾಗಿ ನಡೆದುಹೋಗಿತ್ತು ಅದು. ಫ್ರಾನ್ಸಿನಲ್ಲಿ ಇಂಥ ಸಂದರ್ಭದಲ್ಲಿ ನೂರು ವರ್ಷ ಯುದ್ಧ ಆಗಿದೆ.

ಫ್ರಾನ್ಸಿನ ರಾಜರ ಕಥೆ ಆರನೇ ಶತಮಾನದ ಆಸುಪಾಸಿನ ಕ್ಲೋವಿಸ್ ಎಂಬ ಫ್ರಾಂಕ್ ಬುಡಕಟ್ಟಿನ ನಾಯಕನಿಂದ ಶುರುವಾಗುತ್ತದೆ. ಕ್ಲೋವಿಸ್ ಎಂಬ ಹೆಸರೇ ಬಾಯಿಂದ ಬಾಯಿಗೆ ಸವೆದು ಲೂಯಿ ಆಯಿತು. ಮುಂದೆ ಹದಿನೆಂಟು ಜನ ಲೂಯಿಗಳು ಲೆಕ್ಕಕ್ಕೆ ಸಿಗುತ್ತಾರೆ. ಕ್ಲೋವಿಸ್‌ನ ಮನೆತನ ಹೋಗಿ ಶಾರ್ಲಮೇನ್‌ನ ಮನೆತನ ಬಂತು. ಆತನಿಗೆ 800ನೇ ಇಸವಿಯ ಕ್ರಿಸ್ಮಸ್ ದಿನ ರೋಮಿನಲ್ಲಿ ಚಕ್ರವರ್ತಿ ಕಿರೀಟವಾಯಿತು. ಆ ಮನೆತನವೂ ಸೊರಗಿ, 987ರಲ್ಲಿ ಹ್ಯೂಗ್ ಕಾಪೆ ಎಂಬವನನ್ನು ಉಳಿದ ಪ್ರಭುಗಳು ಸೇರಿ ರಾಜನನ್ನಾಗಿ ಆರಿಸಿದರು. ಗಮನಿಸಿ, ಆರಿಸಿದರು. ಫ್ರಾನ್ಸಿನ ಸಿಂಹಾಸನ ಆಗ ಪೂರ್ತಿ ಪಿತ್ರಾರ್ಜಿತ ಆಗಿರಲಿಲ್ಲ.

ಆಮೇಲೆ ನಡೆದದ್ದು ಒಂಥರಾ ಪವಾಡವೇ. 987ರಿಂದ 1316ರವರೆಗೆ, ಮುನ್ನೂರ ಇಪ್ಪತ್ತೊಂಬತ್ತು ವರ್ಷ, ಪ್ರತಿ ರಾಜನಿಗೂ ಒಬ್ಬ ಗಂಡುಮಗ ಬದುಕಿ ಉಳಿದ. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ನಮ್ಮ ತರೀಕೆರೆ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸುವಾಗ ಅಲ್ಲಿ ಎರಡನೇ ಫಿಲಿಪ್ ಆಳುತ್ತಿದ್ದ. ಅವನ ಕಾಲದಲ್ಲೇ 'ಫ್ರಾಂಕರ ರಾಜ' ಎಂಬ ಬಿರುದು ನಿಧಾನವಾಗಿ 'ಫ್ರಾನ್ಸಿನ ರಾಜ' ಎಂದಾದದ್ದು. ಜನರ ರಾಜ ಹೋಗಿ ನೆಲದ ರಾಜ ಆದ. ಇಷ್ಟು ಕಾಲ ಮಗ ಹುಟ್ಟುತ್ತಲೇ ಇದ್ದದ್ದರಿಂದ, ಹುಟ್ಟದಿದ್ದರೆ ಏನು ಮಾಡಬೇಕು ಎಂಬ ನಿಯಮವನ್ನೇ ಯಾರೂ ಬರೆಯಲಿಲ್ಲ. ನಮ್ಮ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತು. ಟೆಸ್ಟ್ ಮಾಡದೆ ಬಿಟ್ಟ ಕೇಸು ಮುನ್ನೂರು ವರ್ಷವಾದ ಮೇಲಾದರೂ ಬಂದೇ ಬರುತ್ತದೆ.

ಬಂತು, 1316ರಲ್ಲಿ. ಅದಕ್ಕೆ ಮೊದಲು ಒಂದು ಶಾಪದ ಕಥೆ ಇದೆ. ನಾಲ್ಕನೇ ಫಿಲಿಪ್ ಎಂಬ ರಾಜ ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಪಂಥವನ್ನು ನಾಶ ಮಾಡಿ, 1314ರ ಮಾರ್ಚಿನಲ್ಲಿ ಅವರ ಮುಖ್ಯಸ್ಥ ಜಾಕ್ ದ ಮೊಲೆಯನ್ನು ಪ್ಯಾರಿಸ್ಸಿನಲ್ಲಿ ಜೀವಂತ ಸುಡಿಸಿದ. ಉರಿಯುವ ಬೆಂಕಿಯಿಂದಲೇ ಆತ ರಾಜನಿಗೂ ಪೋಪನಿಗೂ ಶಾಪ ಕೊಟ್ಟ ಎಂದು ಐತಿಹ್ಯ. ಪೋಪ್ ಅದೇ ಏಪ್ರಿಲಿನಲ್ಲಿ ಸತ್ತ, ರಾಜ ಅದೇ ನವೆಂಬರಿನಲ್ಲಿ ಸತ್ತ. ನಮ್ಮವರಿಗೆ ಇದು ಓದಿದ ತಕ್ಷಣ ತಲಕಾಡು ನೆನಪಾಗದೆ ಇರುತ್ತದೆಯೇ? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತಿರುಮಲರಾಯನಿಂದ ವಶಪಡಿಸಿಕೊಂಡ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದವರಿಗೆ ಸಿಗದೆ ಕಾವೇರಿಗೆ ಹಾರಿದ ಅಲಮೇಲಮ್ಮ, ಮೈಸೂರು ದೊರೆಗಳಿಗೆ ಸಂತಾನವಾಗದಿರಲಿ ಎಂದು ಶಪಿಸಿದಳಂತೆ. ಶಾಪವನ್ನು ನಾನು ನಂಬುವವನಲ್ಲ. ಆದರೆ ಎರಡು ಶಾಪಗಳ ಗುರಿ ಒಂದೇ ಎಂಬುದು ನೋಡಿ. ರಾಜನ ಖಜಾನೆಗಲ್ಲ, ಸೈನ್ಯಕ್ಕಲ್ಲ, ತೊಟ್ಟಿಲಿಗೆ. ರಾಜಮನೆತನದ ಮರ್ಮಸ್ಥಾನ ಎಲ್ಲಿದೆ ಎಂದು ಜನರಿಗೆ ಗೊತ್ತಿತ್ತು.

ಫಿಲಿಪ್‌ನ ಹಿರಿಯ ಮಗ ಹತ್ತನೇ ಲೂಯಿ 1316ರ ಜೂನಿನಲ್ಲಿ ಸತ್ತ. ಬಿಟ್ಟು ಹೋದದ್ದು ನಾಲ್ಕು ವರ್ಷದ ಮಗಳು ಜಾನ್ ಮತ್ತು ಗರ್ಭಿಣಿ ರಾಣಿಯನ್ನು. ಇಡೀ ರಾಜ್ಯ ಹೆರಿಗೆಗಾಗಿ ಕಾಯಿತು. ನವೆಂಬರಿನಲ್ಲಿ ಗಂಡುಮಗು ಹುಟ್ಟಿತು, ಐದು ದಿನ ಬದುಕಿತು. ಆ ಐದು ದಿನದ ಕೂಸನ್ನೂ ಫ್ರೆಂಚರು ಒಂದನೇ ಜಾನ್ ಎಂದು ರಾಜರ ಪಟ್ಟಿಯಲ್ಲಿ ಬರೆದಿದ್ದಾರೆ. ಈಗ ಉಳಿದವಳು ಆ ನಾಲ್ಕು ವರ್ಷದ ಹುಡುಗಿ. ಅವಳ ಚಿಕ್ಕಪ್ಪ ಐದನೇ ಫಿಲಿಪ್ ಅವಳನ್ನು ಸರಿಸಿ ತಾನೇ ಕಿರೀಟ ಹಾಕಿಕೊಂಡ, ಹೆಣ್ಣು ಫ್ರಾನ್ಸನ್ನು ಆಳುವಂತಿಲ್ಲ ಎಂದು ಸಭೆ ಕೂಡಿಸಿ ಒಪ್ಪಿಸಿಕೊಂಡ. ತಮಾಷೆ ಎಂದರೆ 1322ರಲ್ಲಿ ಅವನು ಸತ್ತಾಗ ಅವನಿಗೂ ಉಳಿದಿದ್ದವರು ಹೆಣ್ಣುಮಕ್ಕಳೇ. ಅವನೇ ಮಾಡಿದ ನಿಯಮ ಅವನ ಮಕ್ಕಳನ್ನೇ ಹೊರಗಿಟ್ಟಿತು. ಮೂರನೆಯ ತಮ್ಮ ನಾಲ್ಕನೇ ಚಾರ್ಲ್ಸ್ 1328ರ ಫೆಬ್ರವರಿಯಲ್ಲಿ ಸತ್ತ. ಅವನ ರಾಣಿಯೂ ಗರ್ಭಿಣಿ, ಮತ್ತೆ ರಾಜ್ಯವೆಲ್ಲ ಹೆರಿಗೆ ಮನೆ ಕಡೆ ಕಿವಿ ಇಟ್ಟು ಕೂತಿತು. ಏಪ್ರಿಲ್ 1ರಂದು ಹೆಣ್ಣುಮಗು. ಸಿಂಹಾಸನ ದಾಯಾದಿಗಳಾದ ವಾಲ್ವಾ ಮನೆತನಕ್ಕೆ ಹೋಯಿತು. ತನ್ನ ತಾಯಿಯ ಕಡೆಯಿಂದ ನನಗೆ ಹಕ್ಕಿದೆ ಎಂದು ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಎದ್ದು ನಿಂತ. 1337ರಿಂದ 1453ರವರೆಗೆ ನಡೆದ 'ನೂರು ವರ್ಷಗಳ ಯುದ್ಧ'ದ ಒಂದು ಮುಖ್ಯ ಕಾರಣ ಇದೇ. ಮುಂದೆ ವಕೀಲರು ಕ್ಲೋವಿಸ್‌ನ ಕಾಲದ 'ಸ್ಯಾಲಿಕ್' ಕಾನೂನಿನ ಹಳೆಯ ಪುಸ್ತಕ ಹುಡುಕಿ ತೆಗೆದು, ನೋಡಿ ನಮ್ಮಲ್ಲಿ ಮೊದಲಿಂದಲೂ ಹೀಗೇ ಇತ್ತು ಅಂದರು. 1316ರಲ್ಲಿ ಆ ಪುಸ್ತಕದ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಈ ನಿಯಮ ಆಮೇಲೆ ಎಷ್ಟು ಗಟ್ಟಿಯಾಯಿತು ಅನ್ನುವುದು. ರಾಜ್ಯ ರಾಜನ ಸ್ವಂತ ಆಸ್ತಿಯಲ್ಲ, ಆದ್ದರಿಂದ ತನ್ನ ನಂತರ ಯಾರು ಎಂದು ಹೇಳುವ ಅಧಿಕಾರವೂ ರಾಜನಿಗಿಲ್ಲ. ರಕ್ತವೇ ಹೇಳಬೇಕು. 1589ರಲ್ಲಿ ವಾಲ್ವಾಗಳ ಕೊನೆಯ ರಾಜ ಮೂರನೇ ಹೆನ್ರಿ ಒಬ್ಬ ಸನ್ಯಾಸಿಯ ಚೂರಿಗೆ ಬಲಿಯಾದಾಗ ಹಕ್ಕು ಬಂದದ್ದು ಬೂರ್ಬೋನ್ ಮನೆತನದ ನಾಲ್ಕನೇ ಹೆನ್ರಿಗೆ. (ನಾವು ಚಹಾದಲ್ಲಿ ಅದ್ದಿ ತಿನ್ನುವ ಬೋರ್ಬನ್ ಬಿಸ್ಕತ್ತಿನ ಹೆಸರು ಇದೇ ಮನೆತನದ್ದು.) ಗಂಡು ಸಂತಾನದ ದಾರಿಯಲ್ಲಿ ಈ ಇಬ್ಬರು ಹೆನ್ರಿಗಳಿಗೂ ಸಮಾನ ಮೂಲಪುರುಷ ಬೇಕೆಂದರೆ 1270ರಲ್ಲಿ ಸತ್ತ ಒಂಬತ್ತನೇ ಲೂಯಿಯವರೆಗೆ ಹಿಂದಕ್ಕೆ ಹೋಗಬೇಕು. ಮುನ್ನೂರು ವರ್ಷ! ನಮ್ಮಲ್ಲಾದರೆ ಸೂತಕ ಕೂಡ ಹತ್ತದಷ್ಟು ದೂರದ ನಂಟು. ಆದರೂ ಅವನೇ ವಾರಸುದಾರ. ಇನ್ನೊಂದು ಸ್ವಾರಸ್ಯ, 1316ರಲ್ಲಿ ಹೊರಗಿಟ್ಟ ಆ ಪುಟ್ಟ ಹುಡುಗಿ ಜಾನ್ ಮುಂದೆ ನವಾರ್ ಎಂಬ ಚಿಕ್ಕ ರಾಜ್ಯದ ರಾಣಿಯಾದಳು, ಅಲ್ಲಿ ಹೆಣ್ಣು ಆಳಬಹುದಿತ್ತು. ನಾಲ್ಕನೇ ಹೆನ್ರಿ ತಾಯಿಯ ಕಡೆಯಿಂದ ಅವಳ ವಂಶದವನೇ. ಆದರೆ ಫ್ರಾನ್ಸ್ ಅವನಿಗೆ ಸಿಕ್ಕಿದ್ದು ಆ ದಾರಿಯಿಂದ ಅಲ್ಲ.

ಹದಿನಾಲ್ಕನೇ ಲೂಯಿಯಂಥವನಿಗೂ ಈ ನಿಯಮ ಬಗ್ಗಲಿಲ್ಲ. ಎಪ್ಪತ್ತೆರಡು ವರ್ಷ ಆಳಿದ, ವರ್ಸೇಲ್ಸ್ ಕಟ್ಟಿಸಿದ. ಕೊನೆಗಾಲದಲ್ಲಿ, 1711-12ರ ಒಂದೇ ವರ್ಷದೊಳಗೆ ಮಗ, ಮೊಮ್ಮಗ, ಮರಿಮಗ ಮೂವರನ್ನೂ ಕಳೆದುಕೊಂಡ. ಉಳಿದದ್ದು ಒಂದು ಎಳೆಯ ಮರಿಮಗು. ಹೆದರಿ, ಮದುವೆಯಾಗದ ಹೆಂಗಸಿನಲ್ಲಿ ಹುಟ್ಟಿದ ತನ್ನ ಇಬ್ಬರು ಗಂಡುಮಕ್ಕಳಿಗೂ ಹಕ್ಕಿದೆ ಎಂದು 1714ರಲ್ಲಿ ಶಾಸನ ಹೊರಡಿಸಿದ. ಅವನು ಸತ್ತ ಎರಡೇ ವರ್ಷಕ್ಕೆ, 1717ರಲ್ಲಿ, ಅದನ್ನು ರದ್ದು ಮಾಡಿದರು. ಸ್ವಂತ ರಕ್ತಕ್ಕೇ ಇಷ್ಟು ಕಷ್ಟ ಅಂದ ಮೇಲೆ ದತ್ತು ಅನ್ನುವ ಮಾತಂತೂ ಅಲ್ಲಿ ಏಳುವಂತೆಯೇ ಇರಲಿಲ್ಲ.

ಇತ್ತ ಮೈಸೂರಿನಲ್ಲಿ? ಇಮ್ಮಡಿ ಕೃಷ್ಣರಾಜ ಒಡೆಯರು 1734ರಲ್ಲಿ ಸಿಂಹಾಸನಕ್ಕೆ ಬಂದದ್ದು ದತ್ತುವಾಗಿ. ಹೈದರಾಲಿ 1776ರಲ್ಲಿ ಖಾಸಾ ಚಾಮರಾಜ ಒಡೆಯರನ್ನು ಆರಿಸಿದ ರೀತಿಯ ಬಗ್ಗೆ ವಿಲ್ಕ್ಸ್ ಬರೆದ ಕಥೆ ಬಹಳ ಜನರಿಗೆ ಗೊತ್ತಿರಬಹುದು. ರಾಜಬಂಧುಗಳ ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ, ಆಟಿಕೆ ತಿಂಡಿಗಳನ್ನು ಹರಡಿ, ಕಠಾರಿ ಎತ್ತಿಕೊಂಡ ಮಗುವನ್ನು ಇವನೇ ದೊರೆ ಎಂದನಂತೆ. ಹೈದರನಿಗೆ ಬೇಕಿದ್ದದ್ದು ಹೆಸರಿಗೊಬ್ಬ ರಾಜ, ಅದು ಬೇರೆ ಮಾತು. ಆದರೆ ಹಾಗೆ ಆರಿಸಿದ ಮಗು ದೊರೆಯಾಗುವುದು ಇಲ್ಲಿ ಯಾರಿಗೂ ಅಸಂಭವ ಅನ್ನಿಸಲಿಲ್ಲ.

ಈ ಎರಡು ಲೋಕಗಳು ನೇರವಾಗಿ ಮುಖಾಮುಖಿ ಆದದ್ದು ಟಿಪ್ಪುವಿನ ಕಾಲದಲ್ಲಿ. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು, ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್, 1787ರ ಜುಲೈನಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ ಮರುವರ್ಷ ಜೂನಿನಲ್ಲಿ ತೂಲೋನ್ ಬಂದರಿಗೆ ಇಳಿದರು. 1788ರ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಬೇಕಾಗಿದ್ದದ್ದು ಇಂಗ್ಲಿಷರ ವಿರುದ್ಧ ಸೈನ್ಯ. ಸಿಕ್ಕಿದ್ದು ಸತ್ಕಾರ, ಸೆವ್ರ್ ಕಾರ್ಖಾನೆಯ ಪಿಂಗಾಣಿ, ಒಂದಷ್ಟು ಕುಶಲಕರ್ಮಿಗಳು. ದಿನಾಂಕ ನೋಡಿ. ಭೇಟಿಗೆ ಎರಡು ದಿನ ಮುಂಚೆ, ಆಗಸ್ಟ್ 8ರಂದು, ದುಡ್ಡಿಗೆ ದಾರಿ ಕಾಣದೆ ರಾಜ ಮೂರು ವರ್ಗಗಳ ಮಹಾಸಭೆ ಕರೆದಿದ್ದ. ಭೇಟಿಯಾದ ಆರು ದಿನಕ್ಕೆ, ಆಗಸ್ಟ್ 16ರಂದು, ಖಜಾನೆ ಸಾಲದ ಪಾವತಿಯನ್ನೇ ನಿಲ್ಲಿಸಿತು. ಮೈಸೂರಿನವರು ಸಹಾಯ ಕೇಳಲು ಹೋದದ್ದು ದಿವಾಳಿ ಎದ್ದ ಮನೆಗೆ! ಮರುವರ್ಷ ಜುಲೈ 14ಕ್ಕೆ ಬ್ಯಾಸ್ಟಿಲ್ ಬಿತ್ತು. 1791ರ ಸಂವಿಧಾನದಲ್ಲಿ ಲೂಯಿ 'ಫ್ರಾನ್ಸಿನ ರಾಜ' ಹೋಗಿ 'ಫ್ರೆಂಚರ ರಾಜ' ಆದ, ಮತ್ತೆ ನೆಲದಿಂದ ಜನಕ್ಕೆ. 1793ರ ಜನವರಿ 21ರಂದು ತಲೆ ಹೋಯಿತು.

ಅದಾಗಿ ಒಂದೂವರೆ ವರ್ಷಕ್ಕೆ, 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ ಖಾಸಾ ಚಾಮರಾಜರಿಗೆ ಒಬ್ಬ ಮಗ ಹುಟ್ಟಿದ. ಬ್ಯಾಸ್ಟಿಲ್ ಬಿದ್ದ ತಾರೀಖಿನಂದೇ ಹುಟ್ಟಿದ ಈ ಮಗುವೇ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ರಾಜ್ಯವನ್ನು ಏನು ಮಾಡುವುದು ಎಂದು ತೀರ್ಮಾನಿಸಲು ಇಂಗ್ಲಿಷರು ಒಂದು ಆಯೋಗ ಮಾಡಿದರು. ವಿಧವೆ ರಾಣಿ ಲಕ್ಷ್ಮಮ್ಮಣ್ಣಿಯವರು ವರ್ಷಗಟ್ಟಲೆ ಗುಟ್ಟಾಗಿ ನಡೆಸಿದ್ದ ಪ್ರಯತ್ನ ಫಲ ಕೊಟ್ಟು, ಜೂನ್ 30ರಂದು, ಐದು ತುಂಬಲು ಎರಡು ವಾರ ಬಾಕಿ ಇದ್ದ ಬಾಲಕನಿಗೆ ಪಟ್ಟ ಕಟ್ಟಿದರು. ಆ ಆಯೋಗದ ಸದಸ್ಯರಲ್ಲಿ ಒಬ್ಬ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹದಿನಾರು ವರ್ಷ ಬಿಟ್ಟು ಇದೇ ವೆಲ್ಲೆಸ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ. ಆ ಗೆಲುವಿನ ಬಲದಿಂದ ಹದಿನೆಂಟನೇ ಲೂಯಿ ಜುಲೈ 8ರಂದು ಪ್ಯಾರಿಸ್ಸಿಗೆ ಮರಳಿದ. ಒಡೆಯರನ್ನು ಮೈಸೂರಿಗೂ ಬೂರ್ಬೋನರನ್ನು ಪ್ಯಾರಿಸ್ಸಿಗೂ ವಾಪಸ್ಸು ಕೂರಿಸಿದ್ದರಲ್ಲಿ ಒಬ್ಬನೇ ಮನುಷ್ಯನ ಕೈಯಿತ್ತು ಎಂಬುದು ನಮ್ಮ ಶಾಲೆಯ ಪುಸ್ತಕದಲ್ಲಿ ಯಾಕೋ ಇರಲಿಲ್ಲ.

ನಡುವೆ ಬಂದ ನೆಪೋಲಿಯನ್‌ಗೂ ತೊಟ್ಟಿಲಿನ ಚಿಂತೆ ತಪ್ಪಲಿಲ್ಲ. 1804ರಲ್ಲಿ ಚಕ್ರವರ್ತಿಯಾದಾಗ ಮಕ್ಕಳಿರಲಿಲ್ಲ. ಆದ್ದರಿಂದ ಅಣ್ಣತಮ್ಮಂದಿರ ಮಕ್ಕಳನ್ನೋ ಮೊಮ್ಮಕ್ಕಳನ್ನೋ ದತ್ತು ತೆಗೆದುಕೊಳ್ಳಬಹುದು ಎಂದು ಸಂವಿಧಾನದಲ್ಲೇ ಬರೆಸಿಕೊಂಡ. ಫ್ರಾನ್ಸಿನ ಸಿಂಹಾಸನದ ಇತಿಹಾಸದಲ್ಲಿ ದತ್ತು ಎಂಬ ಪದ ಕಾಣುವುದು ಇಲ್ಲಿ. ಆದರೆ ಅದೇ ಕಲಮಿನಲ್ಲಿ ನನ್ನ ನಂತರದವರು ದತ್ತು ತೆಗೆದುಕೊಳ್ಳುವಂತಿಲ್ಲ ಎಂದೂ ಬರೆಸಿದ. ಒಂದೇ ಸಲಕ್ಕೆ ತೆರೆದು ಮುಚ್ಚುವ ಬಾಗಿಲು. ಕೊನೆಗೆ ಅವನೂ ಅದನ್ನು ಬಳಸಲಿಲ್ಲ. ಹೆಂಡತಿಯನ್ನು ಬಿಟ್ಟು 1810ರಲ್ಲಿ ಬೇರೆ ಮದುವೆಯಾದ.

ಇನ್ನು 1830. ಪ್ಯಾರಿಸ್ಸಿನಲ್ಲಿ ಹತ್ತನೇ ಚಾರ್ಲ್ಸ್ ಪತ್ರಿಕೆಗಳ ಬಾಯಿ ಮುಚ್ಚಿಸಿ ಮತದಾರರ ಸಂಖ್ಯೆ ಇಳಿಸಲು ಹೋಗಿ, ಜುಲೈ 27, 28, 29 ಮೂರೇ ದಿನದಲ್ಲಿ ಸಿಂಹಾಸನ ಕಳೆದುಕೊಂಡ. ಅದೇ ವರ್ಷ ಮೈಸೂರು ರಾಜ್ಯದಲ್ಲಿ ನಗರದ ದಂಗೆ. ಕಂದಾಯ ವಸೂಲಿಗೆ ಅಮಲ್ದಾರರಿಂದ ಇಷ್ಟು ಕೊಡಲೇಬೇಕು ಎಂದು ಮೊದಲೇ ಬರೆಸಿಕೊಳ್ಳುವ 'ಶರತ್ತು' ಪದ್ಧತಿಯಿಂದ ರೋಸಿಹೋದ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಅಂದರು. ಕೆಳದಿ ಅರಸರ ವಾರಸುದಾರ ನಾನು ಎಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದಾಳಾದ. ನಮ್ಮ ತರೀಕೆರೆಯ ಪಾಳೇಗಾರ ಮನೆತನವೂ ಜೊತೆಗೂಡಿತು. ಕೆಮ್ಮಣ್ಣುಗುಂಡಿಯ ರಸ್ತೆ ಹತ್ತುವ ಮೊದಲು ನಾವು ಕಾಫಿಗೆ ನಿಲ್ಲಿಸುವ ಆ ಊರು ಇನ್ನೂರು ವರ್ಷದ ಹಿಂದೆ ದೊರೆಯ ವಿರುದ್ಧ ನಿಂತ ಊರು. ದಂಗೆಯನ್ನು ಅಡಗಿಸಿದ್ದು ಇಂಗ್ಲಿಷ್ ಸೈನ್ಯ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ದೊರೆಯ ಕೈಯಿಂದ ಕಿತ್ತುಕೊಂಡ.

ಹೀಗೆ ಒಂದೇ ಕೈ ಎತ್ತಿ ಕೂರಿಸಿದ ಎರಡು ಸಿಂಹಾಸನಗಳೂ ಒಂದು ವರ್ಷದ ಅಂತರದಲ್ಲಿ ಜಾರಿದವು. ಇಲ್ಲಿಂದ ಮುಂದೆ ದಾರಿ ಬೇರೆ ಬೇರೆ.

ಹತ್ತನೇ ಚಾರ್ಲ್ಸ್ ಪಟ್ಟ ಬಿಡುವಾಗ ಮೊಮ್ಮಗನ ಹೆಸರಿಗೆ ಬಿಟ್ಟ. ಈ ಮೊಮ್ಮಗ ಹೆನ್ರಿ ಹುಟ್ಟಿದ್ದು 1820ರ ಸೆಪ್ಟೆಂಬರಿನಲ್ಲಿ, ಅಪ್ಪ ಕೊಲೆಯಾಗಿ ಏಳು ತಿಂಗಳಿಗೆ. 'ಪವಾಡದ ಮಗು' ಎಂದೇ ಕರೆದಿದ್ದರು. ಆದರೆ ಜನ ದಾಯಾದಿ ಲೂಯಿ ಫಿಲಿಪ್‌ನನ್ನು 'ಫ್ರೆಂಚರ ರಾಜ' ಎಂದು ಕೂರಿಸಿದರು. 1848ರಲ್ಲಿ ಅವನೂ ಓಡಿಹೋದ. ಪವಾಡದ ಮಗು ಆಸ್ಟ್ರಿಯಾದಲ್ಲಿ ಬೆಳೆದು ಶಾಂಬೋರ್‌ನ ಕೌಂಟ್ ಎಂಬ ಹೆಸರಿನಲ್ಲಿ ಕಾಯುತ್ತಾ ಕೂತ. ಮದುವೆಯಾಯಿತು, ಮಕ್ಕಳಾಗಲಿಲ್ಲ. 1870ರಲ್ಲಿ ಮೂರನೇ ನೆಪೋಲಿಯನ್ ಬಿದ್ದ ಮೇಲೆ 1871ರ ಚುನಾವಣೆಯಲ್ಲಿ ಗೆದ್ದವರಲ್ಲಿ ಹೆಚ್ಚಿನವರು ರಾಜಪಕ್ಷದವರೇ! ಕರೆದು ಕೂರಿಸುವುದೊಂದೇ ಬಾಕಿ. ಪುರಪ್ರವೇಶಕ್ಕೆ ಸಾರೋಟುಗಳನ್ನೂ ಮಾಡಿಸಿದ್ದರು, ಅವು ಇಂದಿಗೂ ಶಾಂಬೋರ್ ಅರಮನೆಯಲ್ಲಿವೆ, ಒಮ್ಮೆಯೂ ಬಳಸದೆ. ಯಾಕೆಂದರೆ ಕ್ರಾಂತಿಯ ತ್ರಿವರ್ಣ ಧ್ವಜವನ್ನು ನಾನು ಒಪ್ಪುವುದಿಲ್ಲ, ನಾಲ್ಕನೇ ಹೆನ್ರಿಯ ಬಿಳಿ ಬಾವುಟವೇ ಬೇಕು ಎಂದು ಆತ 1873ರ ಅಕ್ಟೋಬರಿನಲ್ಲಿ ಹಟ ಹಿಡಿದು ಕೂತ. ಒಂದು ಬಟ್ಟೆಯ ಬಣ್ಣಕ್ಕಾಗಿ ಸಾವಿರ ವರ್ಷದ ಸಿಂಹಾಸನ.

ರಾಜಪಕ್ಷದವರು ಆಗ ಹಾಕಿದ ಲೆಕ್ಕ ಇದು: ಇವನಿಗೆ ಹೇಗೂ ಮಕ್ಕಳಿಲ್ಲ, ಸತ್ತರೆ ಹಕ್ಕು ಲೂಯಿ ಫಿಲಿಪ್‌ನ ಆರ್ಲಿಯನ್ಸ್ ಮನೆತನಕ್ಕೆ ಹೋಗುತ್ತದೆ, ಅವರಿಗೆ ತ್ರಿವರ್ಣದ ತಕರಾರಿಲ್ಲ. ಅಲ್ಲಿಯವರೆಗೆ ಕುರ್ಚಿ ಬೆಚ್ಚಗಿಡಲು ಮ್ಯಾಕ್‌ಮಹೋನ್ ಎಂಬ ದಂಡನಾಯಕನಿಗೆ ಏಳು ವರ್ಷದ ಅಧ್ಯಕ್ಷಗಿರಿ ಕೊಟ್ಟರು. ಈತ ಸಾಯಲಿಲ್ಲ. 1875ರಲ್ಲಿ 353ಕ್ಕೆ 352, ಒಂದೇ ಒಂದು ಮತದ ಅಂತರದಲ್ಲಿ ಗಣರಾಜ್ಯ ಸಂವಿಧಾನದೊಳಗೆ ಬಂದು ಕೂತಿತು. ಒಬ್ಬ ಮಕ್ಕಳಿಲ್ಲದ ಮನುಷ್ಯ ಸಾಯಲಿ ಎಂದು ಕಾಯಲು ಗೊತ್ತು ಮಾಡಿದ ಆ ಏಳು ವರ್ಷದ ಅವಧಿ ಫ್ರಾನ್ಸಿನ ಅಧ್ಯಕ್ಷರಿಗೆ 2000ದ ಜನಮತ ಸಂಗ್ರಹದವರೆಗೂ ಹಾಗೇ ಉಳಿದಿತ್ತು.

ಈಗ ಮುಮ್ಮಡಿಯವರನ್ನು ನೋಡಿ. ಅವರಿಗೂ ಪಟ್ಟಕ್ಕೆ ಬರುವಂಥ ಮಗ ಇರಲಿಲ್ಲ. ಅಧಿಕಾರವೂ ಇಲ್ಲ. ಅರಮನೆಯಲ್ಲಿ ಕೂತು ಚದುರಂಗದ ಮನೆಗಳನ್ನು ಹೊಸದಾಗಿ ಕಟ್ಟುತ್ತಾ, ಗ್ರಂಥಗಳನ್ನು ಬರೆಸುತ್ತಾ, ನನ್ನ ರಾಜ್ಯ ನನಗೆ ಕೊಡಿ ಎಂದು ಮೂವತ್ತು ಚಿಲ್ಲರೆ ವರ್ಷ ಪತ್ರ ಬರೆದರು. ಸುತ್ತ ಕಾಲ ಎಂಥದ್ದು? ಡಾಲ್‌ಹೌಸಿ ಗಂಡುಮಕ್ಕಳಿಲ್ಲದ ರಾಜ್ಯಗಳನ್ನು ಒಂದೊಂದಾಗಿ ನುಂಗುತ್ತಿದ್ದ. 1848ರಲ್ಲಿ ಸತಾರಾ, 1854ರಲ್ಲಿ ನಾಗಪುರ ಮತ್ತು ಝಾನ್ಸಿ. ಅವನ ವಾದ ಇಷ್ಟೇ: ದತ್ತುಮಗ ಅಪ್ಪನಿಗೆ ಪಿಂಡ ಹಾಕಲಿ, ಆಸ್ತಿ ಪಡೆಯಲಿ, ರಾಜ್ಯ ಮಾತ್ರ ನಾವು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಯೂರೋಪಿನ ರಕ್ತದ ನಿಯಮ ವೇಷ ಬದಲಿಸಿಕೊಂಡು ಬಂದದ್ದು ಇದು ಅನ್ನಿಸುತ್ತದೆ ನನಗೆ. 1857 ಆದ ಮೇಲೆ ಬುದ್ಧಿ ಬಂದು ಕ್ಯಾನಿಂಗ್ 1862ರಲ್ಲಿ ದೇಶೀ ರಾಜರಿಗೆಲ್ಲ ದತ್ತು ತೆಗೆದುಕೊಳ್ಳಲು ಸನ್ನದು ಹಂಚಿದ. ಮೈಸೂರಿಗೆ ಕೊಡಲಿಲ್ಲ! ಆಳುತ್ತಿರುವ ದೊರೆಗಳಿಗೆ ಮಾತ್ರ, ನೀವು ಆಳುತ್ತಿಲ್ಲವಲ್ಲ ಅಂತ.

ಎಪ್ಪತ್ತು ದಾಟಿದ ಮುಮ್ಮಡಿಯವರು ಅಪ್ಪಣೆಗೆ ಕಾಯಲಿಲ್ಲ. 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡೇಬಿಟ್ಟರು. ವೈಸರಾಯ್ ಲಾರೆನ್ಸ್‌ನ ಸರ್ಕಾರ ಇದನ್ನು ರಾಜ್ಯದ ಮಟ್ಟಿಗೆ ಒಪ್ಪುವುದಿಲ್ಲ ಎಂದಿತು. ಜಗಳ ಲಂಡನ್ನಿಗೆ ಹೋಯಿತು, ಪಾರ್ಲಿಮೆಂಟಿನವರೆಗೂ ಏರಿತು. ಕೊನೆಗೆ 1867ರ ಏಪ್ರಿಲಿನಲ್ಲಿ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್, ಮೈಸೂರು ಆ ಮಗುವಿಗೆ ಸೇರಬೇಕು ಎಂದು ಬರೆದ. ಮುಮ್ಮಡಿಯವರು 1868ರ ಮಾರ್ಚ್ 27ರಂದು ತೀರಿಕೊಂಡರು, ತಾವು ಆಳದಿದ್ದರೂ ಆಳುವವನನ್ನು ಬಿಟ್ಟು. ಬಟ್ಟೆಯ ಬಣ್ಣದ ಮೇಲೆ ಹಟ ಹಿಡಿದವನಿಗೂ, ಎಲ್ಲ ಅವಮಾನ ನುಂಗಿಕೊಂಡು ಒಂದು ಮಗುವಿನ ಮೇಲೆ ಹಟ ಹಿಡಿದವರಿಗೂ ಇರುವ ವ್ಯತ್ಯಾಸ ಇದು. ಚರಿತ್ರೆಕಾರರು ಮುಮ್ಮಡಿಯವರನ್ನು ದುಂದುಗಾರ, ಕೈಲಾಗದ ದೊರೆ ಎಂದು ಬರೆಯುವಾಗ ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಅವರ ಆಳ್ವಿಕೆಯಲ್ಲಿ ದೊಡ್ಡ ಗೆಲುವು ಅದೇ.

ಆ ಮಗು ಚಾಮರಾಜೇಂದ್ರ ಒಡೆಯರು. 1881ರ ಮಾರ್ಚ್ 25ರಂದು ಇಂಗ್ಲಿಷರು ಐವತ್ತು ವರ್ಷ ಇಟ್ಟುಕೊಂಡಿದ್ದ ರಾಜ್ಯವನ್ನು ಅವರಿಗೆ ಮರಳಿಸಿದರು. 1883ರ ಆಗಸ್ಟ್ 24ರಂದು ಆಸ್ಟ್ರಿಯಾದಲ್ಲಿ ಶಾಂಬೋರ್‌ನ ಕೌಂಟ್ ಮಕ್ಕಳಿಲ್ಲದೆ ಸತ್ತ. ಹಿರಿಯ ಬೂರ್ಬೋನರ ಫ್ರೆಂಚ್ ಕವಲು ಅಲ್ಲಿಗೆ ಮುಗಿಯಿತು. ಹತ್ತು ತಿಂಗಳೂ ತುಂಬುವ ಮೊದಲೇ, 1884ರ ಜೂನ್ 4ರಂದು, ಮೈಸೂರಿನ ಅರಮನೆಯಲ್ಲಿ ದತ್ತುಮಗನ ಮಗ ಹುಟ್ಟಿದ. ಅವರೇ ನಾಲ್ವಡಿ ಕೃಷ್ಣರಾಜ ಒಡೆಯರು, ಕೆಮ್ಮಣ್ಣುಗುಂಡಿಯವರು.

ಅವರ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಹತ್ತು ವರ್ಷಕ್ಕೆ ತಂದೆ ಹೋದರು, 1902ರವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನಡೆಸಿದರು. (ಫ್ರಾನ್ಸಿನಲ್ಲೂ ಮಗನ ಪರವಾಗಿ ರಾಣಿ ಆಳಬಹುದಿತ್ತು, ತನ್ನ ಹೆಸರಿನಲ್ಲಿ ಮಾತ್ರ ಕೂಡದು. ಮಾಡುವ ಕೆಲಸ ಒಂದೇ!) ಮುಂದೆ 1940ರ ಮಾರ್ಚಿನಲ್ಲಿ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟಿನಲ್ಲಿ ನಾಲ್ವಡಿಯವರು. ಸೆಪ್ಟೆಂಬರ್ 8ಕ್ಕೆ ಜಯಚಾಮರಾಜರಿಗೆ ಪಟ್ಟ. ಮುಂದೆ ಭಾರತ ಗಣರಾಜ್ಯವಾದಾಗ ಇದೇ ಜಯಚಾಮರಾಜರು ರಾಜಪ್ರಮುಖರಾದರು, 1956ರಿಂದ ರಾಜ್ಯಪಾಲರು. ಧ್ವಜದ ಬಣ್ಣ ಯಾವುದು ಎಂದು ಅವರೇನೂ ತಕರಾರು ಮಾಡಲಿಲ್ಲ.

ಗೆಳೆಯನ ಪ್ರಶ್ನೆಯ ಕೊನೆಯ ತುಂಡು ಹೀಗೆ. ಜಯಚಾಮರಾಜರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರ ಡಿಸೆಂಬರ್ 10ರಂದು ತೀರಿಕೊಂಡಾಗ ಮಕ್ಕಳಿರಲಿಲ್ಲ. 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರು ಯದುವೀರರನ್ನು ದತ್ತು ತೆಗೆದುಕೊಂಡರು. 2024ರಲ್ಲಿ ಅವರು ಮೈಸೂರಿನಿಂದ ಲೋಕಸಭೆಗೂ ಗೆದ್ದರು. ಒಂದು ತಲೆಮಾರು ದತ್ತು, ಅವರಿಗೆ ಮಕ್ಕಳು, ಮತ್ತೆ ಒಬ್ಬರಿಗೆ ಇಲ್ಲ, ಎಂದು ಲೆಕ್ಕ ಹಾಕಿ ಶಾಪ ಒಂದು ಬಿಟ್ಟು ಒಂದು ತಲೆಮಾರಿಗೆ ತಟ್ಟುತ್ತದೆ ಅನ್ನುವವರಿದ್ದಾರೆ. ನನಗೆ ಕುತೂಹಲ ಬೇರೆಯದು. ಯದುವೀರರು ಜಯಚಾಮರಾಜರ ಹಿರಿಯ ಮಗಳು ಗಾಯತ್ರಿದೇವಿಯವರ ಮಗಳ ಮಗ. ಅಂದರೆ ಎರಡು ಸಲ ಹೆಣ್ಣಿನ ಕಡೆಯಿಂದ ಬಂದವರು. ದತ್ತು ವಿಧಿಯೊಂದು ನಡೆದು ಮಗನಾದರು. ಐದನೇ ಫಿಲಿಪ್‌ನ ಸಭೆಯಲ್ಲಿ ಅವರ ಅರ್ಜಿಯನ್ನು ತೆರೆದೂ ನೋಡುತ್ತಿರಲಿಲ್ಲ.

ಇನ್ನು ಫ್ರಾನ್ಸಿನವರ ಕಥೆ ಮುಗಿದೇ ಇಲ್ಲ. ಶಾಂಬೋರ್‌ನ ಕೌಂಟ್ ಸತ್ತ ಮೇಲೆ ಹಕ್ಕು ಯಾರದ್ದು ಎಂದು ಎರಡು ಬಣ. ಹದಿನಾಲ್ಕನೇ ಲೂಯಿಯ ಮೊಮ್ಮಗನೊಬ್ಬ ಸ್ಪೇನಿನ ರಾಜನಾಗಿದ್ದ, ಅವನ ವಂಶದವರೇ ಹಿರಿಯರು ಎಂದು ಒಂದು ಬಣ. ಆತ ಯುಟ್ರೆಕ್ಟ್ ಒಪ್ಪಂದದ ಕಾಲಕ್ಕೆ, 1713ರ ಹೊತ್ತಿಗೆ, ಫ್ರಾನ್ಸಿನ ಹಕ್ಕು ಬಿಟ್ಟುಕೊಟ್ಟಿದ್ದಾನೆ, ಆದ್ದರಿಂದ ನಾವೇ ಎಂದು ಆರ್ಲಿಯನ್ಸ್ ಮನೆತನ. ಅದಕ್ಕೆ ಇವರ ಉತ್ತರ, ರಾಜನಿಗೆ ತನ್ನ ಹಕ್ಕು ಬಿಟ್ಟುಕೊಡುವ ಅಧಿಕಾರವೇ ಇಲ್ಲ, ರಕ್ತವೇ ಹೇಳಬೇಕು! ಆರ್ಲಿಯನ್ಸ್ ಮನೆತನದ ಹಿರಿಯ ಹೆನ್ರಿ 2019ರಲ್ಲಿ ತೀರಿಕೊಂಡದ್ದು ಜನವರಿ 21ರಂದು, ಹದಿನಾರನೇ ಲೂಯಿಯ ತಲೆ ಬಿದ್ದ ತಾರೀಖಿನಂದೇ. ಅವರ ಮಗ ಜಾನ್ ಈಗ ಒಂದು ಕಡೆಯ ಹಕ್ಕುದಾರ, 1974ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಲೂಯಿ ಅಲ್ಫೋನ್ಸ್ ಇನ್ನೊಂದು ಕಡೆಯವರು. ರಾಜಲಾಂಛನದ ಮೂರು ಲಿಲಿ ಹೂಗಳನ್ನು ಬಳಸುವ ಹಕ್ಕು ಯಾರದ್ದು ಎಂದು ಈ ಎರಡು ಮನೆತನ ಕೋರ್ಟಿಗೂ ಹೋಗಿದ್ದವು. ರಾಜಮನೆತನದೊಳಗಿನ ಹಿರಿತನದ ವ್ಯಾಜ್ಯ ತೀರಿಸುವುದು ಗಣರಾಜ್ಯದ ನ್ಯಾಯಾಲಯದ ಕೆಲಸವಲ್ಲ ಎಂದು ಪ್ಯಾರಿಸ್ಸಿನ ಕೋರ್ಟು 1988ರ ಡಿಸೆಂಬರಿನಲ್ಲಿ ಅರ್ಜಿಯನ್ನು ತಳ್ಳಿಹಾಕಿತು.